ಕುಡಿತ ಬಿಡುವವರಿಗೆ ಜೊತೆ ಬೇಕು
ಎ.ಎ. ಕೂಟವನ್ನು ಹುಡುಕುವ ಬಗೆ, ಹೋಗುವ ಬಗೆ

(ಕೃಷಿ–ಆರೋಗ್ಯ ಅಂಕಣ)



ನಮ್ಮ ಗೋವೆಯಲ್ಲಿ ಗೇರು ಹಣ್ಣು ಕೆಂಪೇರುವ ಕಾಲವೂ ತಪಸ್ಸುಕಾಲವೂ ಒಟ್ಟಿಗೇ ಬರುತ್ತವೆ. ಒಂದು ಕಡೆ ಗುಡ್ಡದ ಮೇಲೆ ಭಟ್ಟಿಗಳ ಹೊಗೆ ಏಳುತ್ತದೆ, ಹುರಾಕಿನ ವಾಸನೆ ದಾರಿಗೆ ಬರುತ್ತದೆ. ಇನ್ನೊಂದು ಕಡೆ ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ನಮ್ಮ ಅನೇಕ ಗಂಡಸರು "ಈ ನಲವತ್ತು ದಿನ ಮುಟ್ಟುವುದಿಲ್ಲ" ಎಂದು ಸಂಕಲ್ಪ ಮಾಡುತ್ತಾರೆ. ಕೆಲವರು ಅದನ್ನು ನಿಷ್ಠೆಯಿಂದ ನಡೆಸುತ್ತಾರೆ. ಆದರೆ ಪಾಸ್ಖ ಹಬ್ಬದ ಮಧ್ಯಾಹ್ನವೇ ನಲವತ್ತು ದಿನಗಳ ಬಾಕಿಯನ್ನು ಬಡ್ಡಿಸಮೇತ ತೀರಿಸುವವರೂ ಇದ್ದಾರೆ. ಇನ್ನು ಕೆಲವರ ಸಂಕಲ್ಪ ಮೊದಲ ಶುಕ್ರವಾರದವರೆಗೂ ಉಳಿಯುವುದಿಲ್ಲ. ಅವರು ಸುಳ್ಳು ಹೇಳಿದ್ದರೆಂದಲ್ಲ. ಹೇಳುವಾಗ ಮನಃಪೂರ್ವಕವಾಗಿಯೇ ಹೇಳಿರುತ್ತಾರೆ. ಒಬ್ಬನೇ ಹೊರಲಾರದ ಭಾರವನ್ನು ಒಬ್ಬನೇ ಹೊರಲು ಹೊರಟಿರುತ್ತಾರೆ, ಅಷ್ಟೆ.

ಈ ತಿಂಗಳ ಅಂಕಣವನ್ನು ಅಂಥವರಿಗಾಗಿ, ಅವರ ಮನೆಯವರಿಗಾಗಿ ಬರೆಯುತ್ತಿದ್ದೇನೆ. ಬೆಳಗಾವಿ, ಖಾನಾಪುರ, ಹಳಿಯಾಳ, ಕಾರವಾರದ ಕಡೆಯಿಂದ ಬಂದು ಇಲ್ಲಿಯ ಕುಳಾಗರಗಳಲ್ಲಿ, ಗದ್ದೆಗಳಲ್ಲಿ, ಗೇರು ತೋಟಗಳಲ್ಲಿ ದುಡಿಯುವ ನಮ್ಮ ಕುಟುಂಬಗಳಿಗೆ ಈ ಮಾತು ಹೊರಗಿನದಲ್ಲ.

ಗೋವೆಯ ಲೆಕ್ಕ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗೋವೆಯಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ನೂರಕ್ಕೆ ಸುಮಾರು 37 ಮಂದಿ ಮದ್ಯ ಸೇವಿಸುತ್ತಾರೆ. ಇಡೀ ದೇಶದಲ್ಲಿ ಈ ಸಂಖ್ಯೆ ನೂರಕ್ಕೆ ಸುಮಾರು 19. ಇಲ್ಲಿ ಮದ್ಯವು ನಮ್ಮ ಬೆಳೆಯೊಡನೆ, ಹಬ್ಬದೊಡನೆ, ಸತ್ಕಾರದೊಡನೆ ಬೆರೆತುಹೋಗಿದೆ. ಗೇರು ಫೆಣಿಗೆ 2009ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಭಟ್ಟಿಯಿಂದ ಅನ್ನ ಉಣ್ಣುವ ಕುಟುಂಬಗಳು ನಮ್ಮಲ್ಲೂ ಇವೆ, ಅವರ ದುಡಿಮೆಯನ್ನು ನಾನು ಹೀಗಳೆಯುವುದಿಲ್ಲ. ಕುಡಿಯುವವರೆಲ್ಲ ವ್ಯಸನಿಗಳಲ್ಲ ಎಂಬುದೂ ನಿಜ. ಆದರೆ ಒಂದು ಗ್ಲಾಸಿಗೆ ನಿಲ್ಲಿಸಲಾರದವನು ಪ್ರತಿ ಊರಿನಲ್ಲೂ ಇದ್ದಾನೆ. ಅವನ ಹೊಲ, ಅವನ ಯಕೃತ್ತು, ಅವನ ಮಕ್ಕಳ ಶಾಲೆ ಮೂರೂ ಒಟ್ಟಿಗೆ ಹಾಳಾಗುತ್ತವೆ.

"ಹುರಾಕ್ ಹಗುರ ಫಾದರ್, ಅದು ಶರಬತ್ತಿನ ಹಾಗೆ" ಎಂದು ಹೇಳುವವರಿದ್ದಾರೆ. ಸ್ವಲ್ಪ ಲೆಕ್ಕ ಮಾಡೋಣ. ಹುರಾಕಿನಲ್ಲಿ ಮದ್ಯಸಾರ ನೂರಕ್ಕೆ ಸುಮಾರು 15 ಭಾಗ, ಫೆಣಿಯಲ್ಲಿ 42ರಿಂದ 45 ಭಾಗ. ಆದರೆ ಫೆಣಿಯನ್ನು 60 ಮಿ.ಲೀ. ಅಳತೆಯಲ್ಲಿ ಕುಡಿಯುವವರು ಹುರಾಕನ್ನು ದೊಡ್ಡ ಗ್ಲಾಸಿನಲ್ಲಿ ಕುಡಿಯುತ್ತಾರೆ. 200 ಮಿ.ಲೀ. ಹುರಾಕಿನಲ್ಲಿ 60 ಮಿ.ಲೀ. ಫೆಣಿಗಿಂತ ಹೆಚ್ಚು ಮದ್ಯಸಾರವಿರುತ್ತದೆ. ಹಾಗೆಯೇ 650 ಮಿ.ಲೀ.ಯ ಒಂದು ಸ್ಟ್ರಾಂಗ್ ಬಿಯರ್ ಬಾಟಲಿ ಎರಡು ದೊಡ್ಡ ಪೆಗ್ಗಿಗೆ ಸಮ. ಹೆಸರು ಹಗುರವಾದರೆ ಯಕೃತ್ತಿಗೆ ಹಗುರವಾಗದು.

ಹಣದ ಲೆಕ್ಕವೂ ಹೀಗೆಯೇ. ದಿನಕ್ಕೆ ನೂರು ರೂಪಾಯಿ ಕುಡಿತಕ್ಕೆ ಹೋದರೆ ವರ್ಷಕ್ಕೆ 36,500 ರೂಪಾಯಿ. ಬೇಸಿಗೆಯಲ್ಲಿ ಕೈಬಿಟ್ಟು ಹೋದ ಈ ಹಣ ಜೂನ್ ತಿಂಗಳಲ್ಲಿ ಬೀಜ, ಗೊಬ್ಬರ, ಶಾಲೆಯ ಫೀಜು ಎಂದಾಗ ನೆನಪಿಗೆ ಬರುತ್ತದೆ. ಆಗ ಸಾಲಕ್ಕೆ ಓಡಾಟ ಶುರು.

ಉಪದೇಶ ಏಕೆ ಸಾಲದು?

"ಫಾದರ್, ನಮ್ಮ ಮನೆಯವರಿಗೆ ಒಂದು ಮಾತು ಹೇಳ್ರಿ" ಎಂದು ತಾಯಂದಿರು ಬರುತ್ತಾರೆ. ನಾನು ಹೇಳುತ್ತೇನೆ. ಅವರೂ ತಲೆ ತಗ್ಗಿಸಿ ಕೇಳುತ್ತಾರೆ. ಆದರೆ ಕುಡಿತದ ದಾಸ್ಯ ಒಂದು ಹಂತ ದಾಟಿದ ಮೇಲೆ ಅದು ರೋಗ. ವೈದ್ಯಶಾಸ್ತ್ರ ಅದನ್ನು ರೋಗವೆಂದೇ ನೋಡುತ್ತದೆ. ಮಲೇರಿಯಾ ಬಂದವನಿಗೆ "ನಡುಗಬೇಡ" ಎಂದು ಹೇಳಿ ಪ್ರಯೋಜನವಿಲ್ಲವಲ್ಲ? ಹಾಗೆಂದು ರೋಗಿಗೆ ಜವಾಬ್ದಾರಿಯೇ ಇಲ್ಲವೆಂದು ಅರ್ಥವಲ್ಲ. ಔಷಧಿಗೆ ನಡೆದು ಹೋಗುವ ಜವಾಬ್ದಾರಿ ಅವನದೇ. ಆ ಔಷಧಿಯ ಒಂದು ಮುಖ್ಯ ಭಾಗವೇ ಅದೇ ರೋಗದಿಂದ ಎದ್ದು ಬಂದವರ ಜೊತೆ. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಎಂದು ಕರೆಯುವ ಕೂಟ ನಡೆಯುವುದು ಇದೇ ತತ್ವದ ಮೇಲೆ.

ಒಂದು ದೂರವಾಣಿ ಕರೆಯಿಂದ ಹುಟ್ಟಿದ ಕೂಟ

1935ರ ಮೇ ತಿಂಗಳು. ಅಮೆರಿಕದ ನ್ಯೂಯಾರ್ಕಿನ ಷೇರು ವ್ಯಾಪಾರದವರಾದ ಬಿಲ್ ವಿಲ್ಸನ್ ಎಂಬವರು ವ್ಯವಹಾರಕ್ಕಾಗಿ ಒಹಾಯೋ ರಾಜ್ಯದ ಆಕ್ರನ್ ನಗರಕ್ಕೆ ಬಂದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಮುರಿದುಬಿತ್ತು. ಹೋಟೆಲಿನ ಹಜಾರದಲ್ಲಿ ನಿಂತಾಗ ಒಂದು ಬದಿಗೆ ಬಾರು, ಇನ್ನೊಂದು ಬದಿಗೆ ದೂರವಾಣಿ. ಹೋಟೆಲಿನಲ್ಲಿ ತೂಗುಹಾಕಿದ್ದ ಚರ್ಚುಗಳ ಪಟ್ಟಿಯಿಂದ ಒಬ್ಬ ಪಾದ್ರಿಗೆ ಕರೆ ಮಾಡಿ, ತಾನು ಮಾತಾಡಬಲ್ಲ ಇನ್ನೊಬ್ಬ ಕುಡುಕ ಬೇಕೆಂದು ಕೇಳಿಕೊಂಡರು. ಆ ಕರೆಯ ಮೂಲಕ ಅವರಿಗೆ ಭೇಟಿಯಾದವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕರು. ಹದಿನೈದು ನಿಮಿಷ ಎಂದು ಬಂದ ಡಾಕ್ಟರರು ಗಂಟೆಗಟ್ಟಲೆ ಕುಳಿತರು. ಎದುರಿಗಿದ್ದವನು ಬುದ್ಧಿ ಹೇಳಲಿಲ್ಲ, ತನ್ನದೇ ಕಥೆ ಹೇಳಿಕೊಂಡ. ಡಾಕ್ಟರ್ ಬಾಬ್ ಕೊನೆಯ ಬಾರಿ ಕುಡಿದ ದಿನವೆಂದು 1935ರ ಜೂನ್ 10ನ್ನು ಎ.ಎ.ಯ ಜನ್ಮದಿನವಾಗಿ ಇಂದಿಗೂ ಆಚರಿಸುತ್ತಾರೆ.

ನಮ್ಮ ಧರ್ಮಸಭೆಯವರೂ ಈ ಕೆಲಸಕ್ಕೆ ಬೇಗನೆ ಕೈಹಚ್ಚಿದರು. ಆಕ್ರನ್ನಿನ ಸಂತ ತೋಮಸರ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಶಿಯಾ ಎಂಬ ಕನ್ಯಾಸ್ತ್ರೀ 1939ರಿಂದ ಡಾಕ್ಟರ್ ಬಾಬ್ ಅವರೊಂದಿಗೆ ಸೇರಿ ಕುಡುಕರನ್ನು ರೋಗಿಗಳೆಂದೇ ದಾಖಲು ಮಾಡಿಕೊಂಡರು. ಭಾರತದಲ್ಲಿ ಎ.ಎ. 1957ರಲ್ಲಿ ಆರಂಭವಾಯಿತು. ಮುಂಬಯಿಯ ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ 1981ರಲ್ಲಿ ಸ್ಥಾಪಿಸಿದ ಕೃಪಾ ಫೌಂಡೇಶನ್ ಚಿಕಿತ್ಸೆಯೊಂದಿಗೆ ಇದೇ ಹನ್ನೆರಡು ಹೆಜ್ಜೆಗಳ ದಾರಿಯನ್ನು ಬಳಸುತ್ತದೆ. ಅದರ ಕೆಲಸ ಗೋವೆಗೂ ಮಂಗಳೂರಿಗೂ ಹರಡಿದೆ.

ಆದರೂ ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಅಲ್ಲಿ ದೇವರ ಮಾತು ಬರುತ್ತದೆ. ಪ್ರತಿಯೊಬ್ಬನೂ ತಾನು ತಿಳಿದ ರೀತಿಯಲ್ಲಿ ದೇವರನ್ನು ನಂಬುತ್ತಾನೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಸದಸ್ಯನಾಗಲು ಬೇಕಾದದ್ದು ಒಂದೇ: ಕುಡಿತ ಬಿಡಬೇಕೆಂಬ ಆಸೆ.

ಕೂಟವನ್ನು ಹುಡುಕುವುದು ಹೇಗೆ?

ಗೋವೆಯಲ್ಲಿ ಎ.ಎ. ಕೂಟಗಳು ಹೆಚ್ಚಾಗಿ ಚರ್ಚಿನ ಸಭಾಂಗಣ, ಶಾಲೆಯ ಕೊಠಡಿಗಳಂಥ ಕಡೆ ಸಂಜೆಯ ಹೊತ್ತು ಸೇರುತ್ತವೆ. ಹುಡುಕಲು ಕೆಲವು ದಾರಿಗಳು:

1. ಧರ್ಮಕೇಂದ್ರದ ಕಚೇರಿಯಲ್ಲಿ ಕೇಳಿ. ಎದುರಿಗೆ ಕೇಳಲು ಸಂಕೋಚವಾದರೆ ಚೀಟಿ ಕೊಡಿ. ಯಾರಿಗಾಗಿ ಎಂದು ಹೇಳಬೇಕಾಗಿಲ್ಲ. ನಮ್ಮ ಊರಿನಲ್ಲಿ ಬೇಡವೆನಿಸಿದರೆ ದೂರದ ಊರಿನ ಕೂಟವನ್ನು ಕೇಳಬಹುದು. ಮುಖ ಪರಿಚಯವಿಲ್ಲದ ಕಡೆ ಹೋಗುವುದು ಎಷ್ಟೋ ಮಂದಿಗೆ ಮೊದಮೊದಲು ಅನುಕೂಲ.

2. ಸರಕಾರದ ಮಾದಕ ವ್ಯಸನ ಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ. ಮನಸ್ಸಿನ ತೊಂದರೆಗಳಿಗೆ 2022ರಲ್ಲಿ ಆರಂಭವಾದ ಟೆಲಿ–ಮಾನಸ್ ಸೇವೆಯ ಸಂಖ್ಯೆ 14416. ಎರಡೂ ಉಚಿತ.

3. ಬಾಂಬೋಳಿಯ ಮಾನಸಿಕ ಆರೋಗ್ಯ ಆಸ್ಪತ್ರೆಯಲ್ಲಿ (ಐ.ಪಿ.ಎಚ್.ಬಿ.) ಅಥವಾ ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಚಿಕಿತ್ಸೆಯ ಜೊತೆಗೆ ಕೂಟದ ಮಾಹಿತಿಯನ್ನೂ ಕೇಳಿ.

4. ಮೊದಲೇ ಕುಡಿತ ಬಿಟ್ಟ ಪರಿಚಿತರೊಬ್ಬರಿದ್ದರೆ ಅವರ ಮನೆಗೆ ಹೋಗಿ. ಅವರು ಬೇಸರಪಡುವುದಿಲ್ಲ. ಇನ್ನೊಬ್ಬನಿಗೆ ನೆರವಾಗುವುದು ತಮ್ಮ ಔಷಧಿಯೇ ಎಂದು ಎ.ಎ.ಯವರು ತಿಳಿಯುತ್ತಾರೆ.

ಒಂದು ಕೂಟದ ವಿಳಾಸ ಸಿಕ್ಕ ಮೇಲೆ ಮೂರು ಸಂಗತಿ ಕೇಳಿಕೊಳ್ಳಿ. ಯಾವ ವಾರ, ಎಷ್ಟು ಗಂಟೆಗೆ? ಯಾವ ಭಾಷೆಯಲ್ಲಿ? "ಓಪನ್" ಸಭೆಯೋ "ಕ್ಲೋಸ್ಡ್" ಸಭೆಯೋ? ಓಪನ್ ಸಭೆಗೆ ಮನೆಯವರೂ, ತಿಳಿಯಬಯಸುವವರೂ ಬರಬಹುದು. ಕ್ಲೋಸ್ಡ್ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ಗೋವೆಯ ಕೂಟಗಳಲ್ಲಿ ಕೊಂಕಣಿ, ಇಂಗ್ಲಿಷು, ಹಿಂದಿ ನಡೆಯುತ್ತದೆ. ನಮ್ಮವರು ಸಂತೆಯಲ್ಲಿ, ಗದ್ದೆಯಲ್ಲಿ ಆಡುವಷ್ಟು ಕೊಂಕಣಿ ಅಲ್ಲಿಗೆ ಸಾಕು. ಕನ್ನಡದಲ್ಲಿ ಮಾತಾಡಿದರೂ ಯಾರೂ ನಗುವುದಿಲ್ಲ. ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಮೊದಲೇ ನೋಡಿಟ್ಟುಕೊಳ್ಳಿ. ಬಸ್ಸು ತಪ್ಪೀತೆಂಬ ನೆಪ ಮೊದಲ ವಾರಗಳಲ್ಲಿ ಬಹಳ ಬಲವಾಗಿರುತ್ತದೆ.

ಊರಿನಲ್ಲಿರುವ ಅಣ್ಣತಮ್ಮಂದಿರಿಗೆ ಬೇಕಾದರೆ, ಕರ್ನಾಟಕದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರ ಮುಗಿಸಿದವರು ಮತ್ತೆ ಜಾರದಂತೆ "ನವಜೀವನ ಸಮಿತಿ" ಎಂಬ ಹೆಸರಿನಲ್ಲಿ ಸೇರುತ್ತಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ.

ಮೊದಲ ದಿನ ಏನು ನಡೆಯುತ್ತದೆ?

ಹೆದರುವಂಥದ್ದೇನೂ ಇಲ್ಲ. ಹತ್ತು ಹದಿನೈದು ಜನ ಕುಳಿತಿರುತ್ತಾರೆ, ಕೆಲವೊಮ್ಮೆ ನಾಲ್ಕೇ ಜನ. ಒಬ್ಬರು ಸಭೆ ನಡೆಸುತ್ತಾರೆ. ಒಂದು ಗಂಟೆ ಅಥವಾ ಒಂದೂವರೆ ಗಂಟೆಯ ಕೆಲಸ. ಒಬ್ಬೊಬ್ಬರಾಗಿ ತಮ್ಮ ಮೊದಲ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿಕೊಂಡು, ತಮ್ಮ ಅನುಭವ ಹೇಳುತ್ತಾರೆ: ಹಿಂದೆ ಹೇಗಿತ್ತು, ಏನಾಯಿತು, ಈಗ ಹೇಗಿದೆ. ಮಧ್ಯೆ ಬಾಯಿ ಹಾಕುವವರಿಲ್ಲ, ತೀರ್ಪು ಕೊಡುವವರಿಲ್ಲ. ನಿಮಗೆ ಮಾತಾಡಲು ಇಷ್ಟವಿಲ್ಲದಿದ್ದರೆ "ಇವತ್ತು ಕೇಳುತ್ತೇನೆ" ಎಂದರೆ ಮುಗಿಯಿತು. ಶುಲ್ಕವಿಲ್ಲ. ಕೊನೆಯಲ್ಲಿ ಒಂದು ತಟ್ಟೆ ಅಥವಾ ಡಬ್ಬಿ ಬರುತ್ತದೆ, ಸದಸ್ಯರು ಇಷ್ಟಬಂದಷ್ಟು ಹಾಕುತ್ತಾರೆ, ಹೊಸಬರು ಹಾಕಬೇಕಾಗಿಲ್ಲ. ಹೊರಗಿನವರ ದೇಣಿಗೆಯನ್ನು ಎ.ಎ. ಸ್ವೀಕರಿಸುವುದಿಲ್ಲ. ಒಂದು ಪ್ರಾರ್ಥನೆಯೊಂದಿಗೆ ಸಭೆ ಮುಗಿಯುತ್ತದೆ. ಆಮೇಲೆ ಚಹಾ. ಎಷ್ಟೋ ವೇಳೆ ನಿಜವಾದ ಮಾತು ಚಹಾದ ಹೊತ್ತಿಗೇ ಶುರುವಾಗುತ್ತದೆ, ಆದ್ದರಿಂದ ಸಭೆ ಮುಗಿದ ಕೂಡಲೇ ಓಡಬೇಡಿ.

"ಊರೆಲ್ಲ ಗೊತ್ತಾಗ್ತದಲ್ಲ ಫಾದರ್?" ಎಂದು ಕೇಳುವವರಿದ್ದಾರೆ. ಅನಾನಿಮಸ್ ಎಂದರೆ ಹೆಸರು ಹೊರಗೆ ಹೋಗದ್ದು. ಅಲ್ಲಿ ಯಾರನ್ನು ಕಂಡೆವು, ಏನು ಕೇಳಿದೆವು ಎಂಬುದನ್ನು ಅಲ್ಲಿಯೇ ಬಿಟ್ಟು ಬರುವುದು ಅವರ ನಿಯಮ. ಇನ್ನೊಂದು ಮಾತು: ಸಂಜೆ ಏಳು ಗಂಟೆಗೆ ಗದ್ದೆಯ ಬದುವಿನ ಮೇಲೆ ಬಿದ್ದವನನ್ನು ಊರು ಆಗಲೇ ನೋಡಿದೆ. ಎದ್ದು ನಡೆಯುವುದನ್ನು ನೋಡಿದರೆ ನಷ್ಟವೇನು?

ಮೊದಲ ಸಭೆ ಹಿಡಿಸದೆ ಇರಬಹುದು. ಇನ್ನೊಂದು ಕೂಟಕ್ಕೆ ಹೋಗಿ ನೋಡಿ. ಹೊಸಬರು ಮೊದಲ 90 ದಿನಗಳಲ್ಲಿ 90 ಸಭೆಗೆ ಹೋಗಬೇಕೆಂದು ಹಳಬರು ಹೇಳುವುದುಂಟು. ಹಳ್ಳಿಯವರಿಗೆ ಅದು ಕಷ್ಟವಾದರೆ ವಾರಕ್ಕೆ ಎರಡು ಮೂರಾದರೂ ಹಿಡಿಯಿರಿ. ಉಳಿದ ದಿನ ಒಬ್ಬ ಹಳೆಯ ಸದಸ್ಯರಿಗೆ ಫೋನು ಮಾಡಿ. ಹೀಗೆ ಕೈಹಿಡಿದು ನಡೆಸುವವರನ್ನು ಅಲ್ಲಿ "ಸ್ಪಾನ್ಸರ್" ಎನ್ನುತ್ತಾರೆ. ಜೀವಮಾನವಿಡೀ ಕುಡಿಯುವುದಿಲ್ಲವೆಂಬ ಆಣೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಇವತ್ತೊಂದು ದಿನ, ಮೊದಲ ಗ್ಲಾಸು ಬೇಡ. ನಾಳೆಯದು ನಾಳೆ. ಸಸಿಮಡಿಗೆ ಒಂದೇ ದಿನ ಕೆರೆಯ ನೀರನ್ನೆಲ್ಲ ಹರಿಸಿದರೆ ಸಸಿ ಬದುಕುವುದಿಲ್ಲ, ದಿನದಿನದ ನೀರು ಬೇಕೆಂಬುದು ರೈತನಿಗೆ ನಾನು ಹೇಳಬೇಕಾದದ್ದಲ್ಲ.

ಇದರಿಂದ ಗುಣವಾಗುತ್ತದೆಯೇ?

ಎಲ್ಲರಿಗೂ ಆಗುತ್ತದೆಂದು ಹೇಳಿದರೆ ಅದು ಸುಳ್ಳು. ಆದರೆ ಆಧಾರವಿಲ್ಲದ ಮಾತೂ ಅಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒರೆಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶವನ್ನು ಪರಿಶೀಲಿಸಿತು. ಎ.ಎ.ಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ ನೂರಕ್ಕೆ 42 ಮಂದಿ ಪೂರ್ತಿ ಬಿಟ್ಟಿದ್ದರು. ಬೇರೆ ಉತ್ತಮ ಚಿಕಿತ್ಸೆಗಳಲ್ಲಿ 35 ಮಂದಿ. ನಮ್ಮ ಗೋವೆಯಲ್ಲೇ ಸಂಗಾತ್ ಎಂಬ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪ್ರಯೋಗ ಮಾಡಿತು. ಡಾಕ್ಟರರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಕುಡಿಯುವ ಗಂಡಸರೊಡನೆ ನಾಲ್ಕು ಬಾರಿಗೆ ಮೀರದಂತೆ ಕುಳಿತು ಮಾತಾಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ಬಳಿಕ ಅವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ಎರಡು ವಾರ ಕುಡಿದಿರಲಿಲ್ಲ. ಅಂಥ ಸಲಹೆ ಸಿಗದವರಲ್ಲಿ 18 ಮಂದಿ ಮಾತ್ರ. ಎದುರಿಗೆ ಕುಳಿತು ಕೇಳುವ ಒಬ್ಬ ಮನುಷ್ಯನಿಗೆ ಇಷ್ಟು ಬಲವಿದೆ.

ಕೂಟಕ್ಕಿಂತ ಮೊದಲು ಡಾಕ್ಟರರು

ಇಲ್ಲಿ ಬಹಳ ಎಚ್ಚರ ಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನು ಒಮ್ಮೆಲೇ ಮನೆಯಲ್ಲಿ ನಿಲ್ಲಿಸಬಾರದು. ನಿಲ್ಲಿಸಿದ ದಿನವೇ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಸೆಳವು ಬರಬಹುದು. ಎರಡು ಮೂರು ದಿನಗಳ ಹೊತ್ತಿಗೆ ಇಲ್ಲದ್ದು ಕಾಣುವುದು, ಗುರುತು ಹಿಡಿಯದೆ ಬಡಬಡಿಸುವುದು ಆಗಬಹುದು. ಇದನ್ನು ದೆವ್ವದ ಕಾಟವೆಂದು ತಿಳಿದು ಮಂತ್ರಕ್ಕೆ ಓಡಬೇಡಿ. ಇದು ಪ್ರಾಣಕ್ಕೇ ಅಪಾಯ, ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಕೆಲವು ದಿನಗಳ ಔಷಧಿ ಮತ್ತು ಬಿ–1 ಜೀವಸತ್ವ ಕೊಟ್ಟು ದೇಹವನ್ನು ತಿಳಿಗೊಳಿಸುತ್ತಾರೆ. ಆಮೇಲೆ ಕೂಟದ ಕೆಲಸ.

ತಾಯಂದಿರೇ, ಇನ್ನೊಂದು ಎಚ್ಚರ. "ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿ" ಎಂದು ಯಾರಾದರೂ ಮಾತ್ರೆ, ಪುಡಿ ಕೊಟ್ಟರೆ ಹಾಕಬೇಡಿ. ಅಂಥ ಔಷಧಿಯ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ಆ ಔಷಧಿಯನ್ನು ಡಾಕ್ಟರರ ಸಲಹೆಯಂತೆ, ರೋಗಿಯೇ ತಿಳಿದು ಒಪ್ಪಿ ತೆಗೆದುಕೊಳ್ಳಬೇಕು.

ಕೃಷಿಕರ ಮನೆಗೆ ವಿಶೇಷವಾಗಿ: ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿ ಇಡಿ, ಕೀಲಿಕೈ ಕುಡಿಯದವರ ಬಳಿ ಇರಲಿ. ಅಮಲಿನ ಮತ್ತು ನಿರಾಶೆಯ ಒಂದು ಗಳಿಗೆ ಕಳೆದುಹೋದರೆ ಜೀವ ಉಳಿಯುತ್ತದೆ. ಕುಡಿದವನ ಕೈಗೆ ಸಿಂಪಡಣೆಯ ಕೆಲಸ ಕೊಡಬೇಡಿ, ಮರ ಹತ್ತಿಸಬೇಡಿ.

ಮನೆಯವರ ಪಾಲು

ಕುಡಿಯುವವನ ಮನೆಯಲ್ಲಿ ಹೆಂಡತಿ ಒಂದು ಹೇಳಿದರೆ ಅತ್ತೆ ಇನ್ನೊಂದು ಹೇಳುತ್ತಾರೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ. ತಾಯಿ ಮಗನ ಸಾಲ ತೀರಿಸುತ್ತಾಳೆ, ಹೆಂಡತಿ ಮಾಲೀಕರಿಗೆ "ಜ್ವರ" ಎಂದು ಸುಳ್ಳು ಹೇಳುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕುಡಿತದ ಫಲ ಕುಡಿದವನಿಗೆ ತಟ್ಟದೆ ಹೋಗುತ್ತದೆ. ಮನೆಯವರಿಗೂ ಕೂಟವಿದೆ. ಬಿಲ್ ವಿಲ್ಸನ್ನರ ಪತ್ನಿ ಲೋಯಿಸ್ ಮತ್ತು ಅವರ ಜೊತೆಗಾರರು 1951ರಲ್ಲಿ ಅಲ್–ಅನಾನ್ ಎಂಬ ಕೂಟವನ್ನು ಕಟ್ಟಿದರು. 1957ರಲ್ಲಿ ಹದಿಹರೆಯದ ಮಕ್ಕಳಿಗಾಗಿ ಅಲಟೀನ್ ಬಂತು. ಗಂಡ ಎ.ಎ.ಗೆ ಹೋಗಲು ಒಪ್ಪದಿದ್ದರೂ ಹೆಂಡತಿ ಅಲ್–ಅನಾನ್‌ಗೆ ಹೋಗಬಹುದು. ಹೋಗಬೇಕು ಎಂದೇ ನನ್ನ ಸಲಹೆ. ಹೊಡೆತ ಬಡಿತವಿರುವ ಮನೆಯಲ್ಲಿ ಮಾತ್ರ ಕೂಟಕ್ಕಾಗಿ ಕಾಯಬೇಡಿ. ಮಕ್ಕಳೊಂದಿಗೆ ಸುರಕ್ಷಿತ ಜಾಗಕ್ಕೆ ಬನ್ನಿ. ತಾಳಿಕೊಂಡು ಸಾಯಿರೆಂದು ಧರ್ಮಸಭೆ ಹೇಳುವುದಿಲ್ಲ.

ಬಿಟ್ಟವನು ಮತ್ತೆ ಜಾರಿದರೆ "ನಾನು ಮೊದಲೇ ಹೇಳಿದ್ದೆ" ಎನ್ನಬೇಡಿ. ಮರುದಿನವೇ ಮತ್ತೆ ಕೂಟಕ್ಕೆ ಕಳಿಸಿ. ಅಲ್ಲಿ ಅವನಿಗಾಗಿ ಒಂದು ಕುರ್ಚಿ ಯಾವಾಗಲೂ ಇರುತ್ತದೆ.

ನಮ್ಮ ಧರ್ಮಕೇಂದ್ರದ ಪಾಲು

ಕುರುಸಿನ ಮುಂದೆ ಲದಿನ್ ಮುಗಿದ ಮೇಲೆ ಬೇಯಿಸಿದ ಕಡಲೆಯೊಂದಿಗೆ ಗ್ಲಾಸು ಹಂಚುವುದು ಇಲ್ಲಿಯ ರೂಢಿ. ಈ ವರ್ಷ ಕಡಲೆ ಇರಲಿ, ಗ್ಲಾಸಿನಲ್ಲಿ ಕೋಕಂ ಶರಬತ್ತು ಇರಲಿ. ಮದುವೆಯಲ್ಲಿ "ಒಂದೇ ಒಂದು" ಎಂದು ಕೈಗೆ ತುರುಕುವುದನ್ನು ಬಿಡೋಣ. ಬಿಟ್ಟವನಿಗೆ ಆ ಒಂದೇ ಒಂದು ವಿಷ.

ನಮ್ಮ ಕನ್ನಡದವರಿಗೇ ಒಂದು ಕೂಟ ಬೇಕೆಂದಾದರೆ ಅದೂ ಕಷ್ಟವಲ್ಲ. ಕುಡಿತ ಬಿಡಬೇಕೆಂದು ಇಬ್ಬರು ಮೂವರು ಸೇರಿದರೆ ಎ.ಎ. ಕೂಟವಾಯಿತು ಎಂಬುದು ಅವರ ಸಂಪ್ರದಾಯ. ಹಳೆಯ ಸದಸ್ಯರು ಬಂದು ಆರಂಭ ಮಾಡಿಕೊಡುತ್ತಾರೆ. ಧರ್ಮಕೇಂದ್ರದ ಕೊಠಡಿ ಸಂಜೆ ಖಾಲಿಯಿದೆ. ಎ.ಎ.ಯವರು ಸ್ವಾವಲಂಬನೆಯ ನಿಯಮದಂತೆ ಸಣ್ಣ ಬಾಡಿಗೆ ಕೊಡಲು ಬಯಸುತ್ತಾರೆ. ನಾವು ಅದನ್ನು ಗೌರವದಿಂದ ತೆಗೆದುಕೊಳ್ಳೋಣ. ಅವರ ಸಭೆಯ ಹೊತ್ತಿಗೆ ಕಿಟಕಿಯ ಬಳಿ ಸುಳಿಯದಿರುವುದು ನಮ್ಮೆಲ್ಲರ ಕರ್ತವ್ಯ.

ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ ಬಾಲ್ಯದಿಂದಲೇ ಕುಡಿತಕ್ಕೆ ಬಿದ್ದವರು. 1884ರಲ್ಲಿ, 28ನೆಯ ವಯಸ್ಸಿನಲ್ಲಿ, ಮೊದಲು ಮೂರು ತಿಂಗಳಿಗೆಂದು ಪ್ರತಿಜ್ಞೆ ಮಾಡಿದರು. ಆ ಮೂರು ತಿಂಗಳು 1925ರಲ್ಲಿ ಅವರು ಸಾಯುವವರೆಗೂ ಮುಂದುವರಿಯಿತು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಅವರಿಗೂ ಜೊತೆ ಕೊಟ್ಟವರಿದ್ದರು: ಪಾಪನಿವೇದನೆ ಕೇಳಿದ ಗುರುಗಳು, ಮನೆಯಲ್ಲಿ ತಾಯಿ.

ಈ ತಪಸ್ಸುಕಾಲದಲ್ಲಿ ನಲವತ್ತು ದಿನದ ಸಂಕಲ್ಪ ಮಾಡಿದ ಸಹೋದರರೇ, ಈ ವಾರವೇ ಒಂದು ಕೂಟಕ್ಕೆ ಹೋಗಿ ಬನ್ನಿ. ಒಬ್ಬರೇ ಹೋಗಲು ಕಾಲೇಳದಿದ್ದರೆ ಜೊತೆಗೆ ಬರುವವರನ್ನು ಹುಡುಕಿಕೊಡುತ್ತೇನೆ. ಪಾಸ್ಖ ಹಬ್ಬದ ಮರುದಿನವೂ ಹೋಗಿ. ಮೊದಲ ಮಳೆ ಬಿದ್ದು ನೇಗಿಲು ಹೂಡುವ ಹೊತ್ತಿಗೆ ನಿಮ್ಮ ಕೈ ನಡುಗದಿರಲಿ. ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.

– ನಿಮ್ಮ ಧರ್ಮಗುರು